ಕೊನೆಯ ಎಲೆ ಬಿದ್ದ ಮೇಲೆ

– ನಡುವೆ ಕೂಡಿದ ಪಾಟ್ ನನಗೇ ಬಂತಲ್ಲ, 60 ಬೀಜ. ಮತ್ತೆ ನೋಟ್‌ಬುಕ್ಕಿನಲ್ಲಿ ನನ್ನ ಲೆಕ್ಕದಿಂದ 30 ಕಳೆದದ್ದು ಯಾಕೆ?

– ಕಳೆದಿಲ್ಲ, ಪಕ್ಕದಲ್ಲಿ ಬರೆದಿದ್ದೇನೆ. ಗೆದ್ದ 60 ಬಲಗಡೆ ಇದೆ ನೋಡು. ಎಡಗಡೆ ಇರುವುದು ನೀನು ಹಾಕದೆ ಬಿಟ್ಟ ಬೆಟ್.

– ಹಾಕದ ಬೆಟ್ಟಿಗೆ ಎಲ್ಲಿಯ ಲೆಕ್ಕ?

– ನನ್ನ ಎಲೆ ತಿರುಗಿಸಿ ನೋಡು. ಎಕ್ಕ, 10. ನೆಲದ ಮೇಲೆ ಇಬ್ಬರಿಗೂ ಸೇರಿದ ಎಕ್ಕ, ಗುಲಾಮ, 8, 4, 2. ನಿನ್ನ ಕೈಯಲ್ಲಿದ್ದದ್ದು ಎಕ್ಕ, ರಾಣಿ. ಇಬ್ಬರದೂ ಎಕ್ಕದ ಜೋಡಿಯೇ, ಜೊತೆಗಿರುವ ಎಲೆಯಲ್ಲಿ ನಿನ್ನದು ದೊಡ್ಡದು. ಐದನೆಯ ಎಲೆ ಬಿದ್ದ ಮೇಲೆ ನಾನು ಬೆಟ್ ಹಾಕದೆ ಚೆಕ್ ಅಂದೆ. ನೀನೂ ಚೆಕ್ ಅಂದುಬಿಟ್ಟೆ. 30 ಹಾಕಿದ್ದರೆ ನಾನೂ ಅಷ್ಟೇ ಹಾಕಿ ಕಾಲ್ ಮಾಡುತ್ತಿದ್ದೆ. ಪೋಕರ್‌ನಲ್ಲಿ ಎಕ್ಕದ ಜೋಡಿ ಹಿಡಿದು ಕೂತವರು ಅರ್ಧ ಪಾಟಿನ ಬೆಟ್ಟಿಗೆ ಎಲೆ ಎಸೆಯುವುದು ಅಪರೂಪ.

– ನಿಮ್ಮ ಹತ್ತಿರ ಎಕ್ಕ-ಗುಲಾಮ ಇದ್ದಿದ್ದರೆ? ಎಕ್ಕ-8 ಇದ್ದಿದ್ದರೆ? ಎರಡು ಜೋಡಿಯ ಎದುರು ಆ 30 ಕೂಡ ಹೋಗುತ್ತಿತ್ತು. ಬಂದದ್ದನ್ನು ಉಳಿಸಿಕೊಂಡೆ, ಅಷ್ಟೇ.

– ಏನನ್ನು ಉಳಿಸಿಕೊಂಡೆ? ನೆಲದ ಮೇಲಿದ್ದ ಆ 60 ಅಷ್ಟರಲ್ಲಿ ಯಾರದೋ ಒಬ್ಬರದಾಗಿ ಹೋಗಿತ್ತು. ನಿನ್ನ ಚೆಕ್ ಅದನ್ನು ಕಾಯಲಿಲ್ಲ. ಮೊದಲ ಮೂರು ಎಲೆ ಬಿದ್ದಾಗ, ನಾಲ್ಕನೆಯದು ಬಿದ್ದಾಗ ಮಾತು ಬೇರೆ. ಆಗ ಎದುರಿನವರ ಕೈಯಲ್ಲಿ ಅರೆಬೆಂದ ಎಲೆಗಳಿರುತ್ತವೆ, ಒಂದು ಎಲೆ ಕೂಡಿದರೆ ಐದೂ ಒಂದೇ ಬಣ್ಣದ ಫ್ಲಶ್ ಆಗುವಂಥದ್ದು, ಐದೂ ಸಾಲಾಗಿ ಸ್ಟ್ರೇಟ್ ಆಗುವಂಥದ್ದು. ಪುಕ್ಕಟೆ ಎಲೆ ಕೊಡಬಾರದು ಎಂದೂ ಬೆಟ್ ಹಾಕುತ್ತೇವೆ. ರಿವರ್ ಎಲೆ, ಅಂದರೆ ಐದನೆಯದು, ಬಿದ್ದಿತೆಂದರೆ ಬೇಯುವುದು ಬೆಂದಿದೆ, ಉಳಿದದ್ದು ಹಸಿಯಾಗಿಯೇ ಸತ್ತಿದೆ. ಮುಂದೆ ಯಾವ ಎಲೆಯೂ ಬರುವುದಿಲ್ಲ. ಅಲ್ಲಿ ಬೆಟ್ಟಿಗೆ ಉಳಿಯುವುದು ಎರಡೇ ಕೆಲಸ. ನಿನಗಿಂತ ಕೆಳಗಿನ ಕೈಯಿಂದ ಕಾಲ್ ಮಾಡಿಸಬೇಕು, ಇಲ್ಲವೇ ನಿನಗಿಂತ ಮೇಲಿನ ಕೈಯನ್ನು ಎಸೆಯಿಸಬೇಕು.

– ನಾನು ಇನ್ನೊಂದು ಕಾರಣಕ್ಕೂ ಹಾಕುತ್ತೇನೆ. ಎಲ್ಲಿದ್ದೇನೆ ಅಂತ ಗೊತ್ತಾಗಲಿ ಎಂದು.

– ಕೊನೆಯ ಸುತ್ತಿನಲ್ಲಿ, ಅದರಲ್ಲೂ ಕೊನೆಯ ಸರದಿ ನಿನ್ನದಾಗಿರುವಾಗ, ಅದಕ್ಕೆ ದುಡ್ಡು ತೆರಬೇಕೇ? ಚೆಕ್ ಅಂದರೆ ಸಾಕು, ಇಬ್ಬರ ಎಲೆಯೂ ಮೇಲಕ್ಕೆ ತಿರುಗುತ್ತದೆ. ಬಿಟ್ಟಿ ಸಿಗುವುದಕ್ಕೆ 30 ಬೀಜ ಕೊಡುವುದು ಯಾಕೆ?

– ಸರಿ. ಹಾಗಾದರೆ ನನ್ನ ಎಕ್ಕ-ರಾಣಿಯ ಲೆಕ್ಕ ಮಾಡಿ ತೋರಿಸಿ. ನೀವು ನಿಮ್ಮ 10 ತೋರಿಸಿದ ಮೇಲೆ ಹೇಳುವುದು ಸುಲಭ.

– ನ್ಯಾಯವಾದ ಮಾತು. ನನ್ನ 10 ಮರೆತುಬಿಡು. 30ರ ಬೆಟ್ಟಿಗೆ ನಾನು ಯಾವ ಯಾವ ಕೈಯಲ್ಲಿ ಕಾಲ್ ಮಾಡಬಹುದು? ಎಕ್ಕದ ಜೊತೆ 10, 9, 7, 6. ಗುಲಾಮನ ಜೋಡಿಯ ಜೊತೆ ರಾಜ ಇದ್ದರೂ ನೋಡೇಬಿಡೋಣ ಅನ್ನಬಹುದು. ಇವೆಲ್ಲ ನಿನಗೆ ಸೋಲುತ್ತವೆ. ನಿನ್ನನ್ನು ಸೋಲಿಸುವವು ಎರಡು ಜೋಡಿಗಳು, ಮೂರು 8, ಮೂರು 4, ಹೀಗೆ. ಎಕ್ಕ-ರಾಜ ಇದ್ದಿದ್ದರೆ ಎಲೆ ಹಂಚಿದ ಕೂಡಲೇ ನಾನು ಏರಿಸುತ್ತಿದ್ದೆ, ನಿನಗೆ ನನ್ನ ಆಟ ಗೊತ್ತು. ನಾನು 10 ಸಲ ಕಾಲ್ ಮಾಡಿದರೆ 6 ಸಲ ನೀನು ಗೆಲ್ಲುತ್ತೀಯ, 4 ಸಲ ಸೋಲುತ್ತೀಯ ಎಂದು ಇಟ್ಟುಕೋ. 180 ಬಂತು, 120 ಹೋಯಿತು, 60 ಉಳಿಯಿತು. ಸಲಕ್ಕೆ 6 ಬೀಜ. ಅದು ನಿನ್ನದಾಗಬೇಕಿತ್ತು.

– ಅಂದರೆ ಅರ್ಧಕ್ಕಿಂತ ಹೆಚ್ಚು ಸಲ ನಾನು ಮುಂದಿದ್ದರೆ ಬೆಟ್.

– ಯಾವುದರ ಅರ್ಧ? ಇಲ್ಲಿ ಅವಸರ ಮಾಡಬೇಡ, ವರ್ಷಗಟ್ಟಲೆ ಆಡಿದವರೂ ಇಲ್ಲೇ ಜಾರುತ್ತಾರೆ. ಎದುರಿನವರಲ್ಲಿ 20 ಬಗೆಯ ಕೈ ಇರಬಹುದು ಅನ್ನೋಣ. 14ನ್ನು ನೀನು ಸೋಲಿಸುತ್ತೀಯ, 6 ನಿನ್ನನ್ನು ಸೋಲಿಸುತ್ತವೆ. ಬೆಟ್ ಹಾಕುತ್ತೀಯಾ?

– 20ಕ್ಕೆ 14. ಕಣ್ಣು ಮುಚ್ಚಿ ಹಾಕುತ್ತೇನೆ.

– ಆ 14ರಲ್ಲಿ 11 ಕೈಗಳು ನಿನ್ನ ಬೆಟ್ ಕಂಡ ಕೂಡಲೇ ಎಲೆ ಎಸೆಯುತ್ತವೆ. ಕಾಲ್ ಮಾಡುವುದು 3. ನಿನ್ನನ್ನು ಸೋಲಿಸುವ 6 ಮಾತ್ರ ಎಲ್ಲವೂ ಕಾಲ್ ಮಾಡುತ್ತವೆ. ಈಗ?

– 9 ಸಲ ಕಾಲ್ ಆಗುತ್ತದೆ, 6 ಸಲ ಸೋಲುತ್ತೇನೆ. 20 ಸಲ ಬೆಟ್ ಹಾಕಿದರೆ 90 ಬೀಜ ಕೈಬಿಟ್ಟಿತು.

– ಎಸೆದುಹೋದ ಆ 11 ಕೈಗಳಿಂದ ನಿನಗೇನು ಸಿಕ್ಕಿತು?

– ಪಾಟ್... ಅಲ್ಲ, ಪಾಟ್ ಚೆಕ್ ಮಾಡಿದ್ದರೂ ನನಗೇ ಬರುತ್ತಿತ್ತು. ಏನೂ ಸಿಗಲಿಲ್ಲ.

– ಅದು. ಎಸೆಯುವವರನ್ನು ಲೆಕ್ಕದಿಂದ ತೆಗೆದುಹಾಕು. ಕಾಲ್ ಮಾಡುವ ಕೈಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀನು ಸೋಲಿಸಬೇಕು. ನಿಜ ಹೇಳಬೇಕೆಂದರೆ ಅರ್ಧಕ್ಕಿಂತ ಇನ್ನೂ ತುಸು ಹೆಚ್ಚೇ ಬೇಕು, ಏಕೆಂದರೆ ಚೆಕ್ ಅಂದು ಕೂತವರು ನಿನ್ನ ಬೆಟ್ ಬಂದ ಮೇಲೆ ಏರಿಸಲೂಬಹುದು. 'ನನ್ನ ಕೈ ಒಳ್ಳೆಯದೇ' ಎಂಬ ಪ್ರಶ್ನೆಗೆ ನೀನು ಸರಿಯಾದ ಉತ್ತರವನ್ನೇ ಕೊಟ್ಟಿದ್ದೆ. 20ಕ್ಕೆ 14, ಒಳ್ಳೆಯದೇ. ರಿವರ್‌ನಲ್ಲಿ ಕೇಳಬೇಕಾದ ಪ್ರಶ್ನೆ ಅದಲ್ಲ.

– ಹಾಗಾದರೆ ಒಳ್ಳೆಯ ಕೈಯನ್ನೂ ಎಷ್ಟೋ ಸಲ ಚೆಕ್ ಮಾಡಬೇಕಾಗುತ್ತದೆ.

– ಮಧ್ಯದ ಕೈಯನ್ನು. ತಡೆ, ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಆಡಿ ನೋಡೋಣ. ಕಟ್ಟಿನಿಂದ ಒಂದು ರಾಜ, ಒಂದು ರಾಣಿ, ಒಂದು ಗುಲಾಮ ತೆಗೆ. ಉಳಿದ 49 ಪಕ್ಕಕ್ಕಿಡು. ಇಬ್ಬರೂ ಒಂದೊಂದು ಬೀಜ ನಡುವೆ ಹಾಕೋಣ. ನಿನಗೊಂದು ಎಲೆ, ನನಗೊಂದು, ಮೂರನೆಯದು ಮುಚ್ಚಿಯೇ ಇರಲಿ. ದೊಡ್ಡ ಎಲೆಗೆ ಗೆಲುವು. ಬೆಟ್ ಹಾಕುವುದಾದರೆ ಒಂದೇ ಬೀಜ. ಮೊದಲ ಮಾತು ನಿನ್ನದು. ಯಾವ ಎಲೆ ಬಂತು? ಕಲಿಯುವುದಕ್ಕಾಗಿ ಹೇಳಿಬಿಡು.

– ರಾಣಿ. ಹಾಕುತ್ತೇನೆ, ಅರ್ಧಕ್ಕರ್ಧ ಅವಕಾಶ ನನಗಿದೆ.

– ನನ್ನ ಹತ್ತಿರ ರಾಜ ಇದ್ದರೆ ಏನು ಮಾಡುತ್ತೇನೆ?

– ಕಾಲ್ ಮಾಡುತ್ತೀರಿ.

– ಗುಲಾಮ ಇದ್ದರೆ?

– ಎಸೆಯುತ್ತೀರಿ. ಓ. ಗೆಲ್ಲುವಾಗ ಒಂದು ಬೀಜವೂ ಹೆಚ್ಚಿಗೆ ಬರುವುದಿಲ್ಲ, ಸೋಲುವಾಗ ಒಂದು ಹೆಚ್ಚಿಗೆ ಹೋಗುತ್ತದೆ.

– ಈ ಮೂರೆಲೆಯ ಆಟವನ್ನು ಹೆರಾಲ್ಡ್ ಕೂನ್ ಎಂಬ ಅಮೆರಿಕದ ಗಣಿತಜ್ಞ 1950ರಲ್ಲಿ ಬಿಡಿಸಿಟ್ಟ. ಅದಕ್ಕೆ ಆರು ವರ್ಷ ಮೊದಲು, 1944ರಲ್ಲಿ, ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ತಮ್ಮ ದೊಡ್ಡ ಪುಸ್ತಕದಲ್ಲಿ ಪೋಕರ್‌ಗೂ ಬ್ಲಫ್‌ಗೂ ಒಂದು ಭಾಗವನ್ನೇ ಮೀಸಲಿಟ್ಟಿದ್ದರು. ಬ್ಲಫ್, ಅಂದರೆ ಕೈ ಇಲ್ಲದೆಯೂ ಇದೆ ಎಂಬಂತೆ ಹಾಕುವ ಬೆಟ್, ಜೂಜುಕೋರರ ದುರ್ಬುದ್ಧಿ ಅಲ್ಲ, ಸರಿಯಾದ ಆಟದ ಒಳಗೇ ಅದಕ್ಕೆ ಜಾಗ ಇದೆ ಎಂದು ಲೆಕ್ಕದಿಂದ ತೋರಿಸಿದ್ದು ಅಲ್ಲಿ. ಕೂನ್‌ನ ಆಟ ನನಗೆ ಇನ್ನೂ ಪ್ರಿಯ, ಬೆರಳೆಣಿಕೆಯಲ್ಲಿ ಪರೀಕ್ಷಿಸಬಹುದು ನೋಡು. ಮೊದಲು ಮಾತಾಡುವವನು ರಾಣಿ ಬಂದಾಗ ಒಂದು ಸಲವೂ ಬೆಟ್ ಹಾಕಬಾರದು. ಗುಲಾಮ ಬಂದಾಗ ಕೆಲವು ಸಲ ಹಾಕಬೇಕು!

– ಗುಲಾಮನಿಗೆ? ಅದಕ್ಕಿಂತ ಕೆಳಗಿನ ಎಲೆಯೇ ಇಲ್ಲವಲ್ಲ.

– ಅದಕ್ಕೇ. ಗುಲಾಮನನ್ನು ಚೆಕ್ ಮಾಡಿ ತಿರುಗಿಸಿದರೆ ಗೆಲುವು ಎಂದೂ ಬರುವುದಿಲ್ಲ. ಕಳೆದುಕೊಳ್ಳುವುದಕ್ಕೆ ಅದರಲ್ಲಿ ಏನೂ ಇಲ್ಲ. ರಾಣಿಗೆ ಹಾಗಲ್ಲ, ಸುಮ್ಮನೆ ತಿರುಗಿಸಿದರೂ ಅರ್ಧ ಸಲ ಗೆಲ್ಲುವ ಬಲ ಅದಕ್ಕಿದೆ. ಆ ಬಲವನ್ನು ಬೆಟ್ ಹಾಕಿ ಕೆಡಿಸಿಕೊಳ್ಳುವುದೇಕೆ? ಬೆಟ್ ತೀರ ಮೇಲಿನ ಎಲೆಗೆ, ತೀರ ಕೆಳಗಿನ ಎಲೆಗೆ. ನಡುವಿನದು ಸುಮ್ಮನಿರುತ್ತದೆ.

– ಗುಲಾಮನಿಗೆ ಕೆಲವು ಸಲ ಎಂದರೆ ಎಷ್ಟು ಸಲ?

– ನೀನು ರಾಜ ಬಂದಾಗಲೆಲ್ಲ ಬೆಟ್ ಹಾಕುವವನಾದರೆ ಗುಲಾಮ ಬಂದಾಗ 3ಕ್ಕೆ 1 ಸಲ. ಆಗ ನಿನ್ನ 4 ಬೆಟ್‌ಗಳಲ್ಲಿ 3 ನಿಜ, 1 ಸುಳ್ಳು. ಈಗ ಎದುರು ರಾಣಿ ಹಿಡಿದು ಕೂತವನ ಪಾಡು ನೋಡು, ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ನಡುವೆ 2 ಬೀಜ, ಬೆಟ್ 1, ಒಟ್ಟು 3. ಆ ಮೂರಕ್ಕೆ ಅವನು 1 ಕೊಡಬೇಕು. 4 ಸಲ ಕೊಟ್ಟು 1 ಸಲ ಗೆದ್ದರೆ ಸರಿಸಮ. ನೀನು ಸುಳ್ಳು ಹೇಳುವುದೂ 4ಕ್ಕೆ 1 ಸಲವೇ. ಕಾಲ್ ಮಾಡಿದರೂ ಅಷ್ಟೇ, ಎಸೆದರೂ ಅಷ್ಟೇ. ಅವನ ಜಾಣತನಕ್ಕೆ ಹಿಡಿದುಕೊಳ್ಳಲು ಒಂದು ಅಂಚೂ ಸಿಗುವುದಿಲ್ಲ.

– ನಾವು ಆಡುವ ದೊಡ್ಡ ಆಟಕ್ಕೂ ಇದೇ ಲೆಕ್ಕವೇ?

– ಅಲ್ಲಿ ಎಲೆ 52, ಸುತ್ತು ನಾಲ್ಕು, ಅಷ್ಟು ನಯವಾಗಿ ಕೂಡುವುದಿಲ್ಲ. ಆದರೆ ಅರ್ಧ ಪಾಟ್ ಬೆಟ್ ಎಂದಾಗ ಈ 4ಕ್ಕೆ 1 ಅಲ್ಲಿಗೂ ಬರುತ್ತದೆ. ಇಡೀ ಪಾಟ್‌ನಷ್ಟು ಬೆಟ್ ಹಾಕಿದರೆ ಎದುರಿನವರು 3ಕ್ಕೆ 1 ಸಲ ಗೆಲ್ಲಬೇಕು, ನೀನೂ 3ಕ್ಕೆ 1 ಸಲ ಸುಳ್ಳು ಹೇಳಬಹುದು. ಬೆಟ್ ದೊಡ್ಡದಾದಷ್ಟೂ ಬ್ಲಫ್‌ಗೆ ಜಾಗ ಹೆಚ್ಚು. ಬ್ಲಫ್ ಹಾಕುವ ನಿನ್ನ ಕಡೆಯಿಂದ ನೋಡಿದರೆ, ಅರ್ಧ ಪಾಟ್ ಹಾಕಿದಾಗ 3ಕ್ಕೆ 1 ಸಲಕ್ಕಿಂತ ಹೆಚ್ಚು ಅವರು ಎಸೆಯಬೇಕು. ಇಡೀ ಪಾಟ್ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಸಲ.

– ನಿಜವಾದ ಮೇಜಿನಲ್ಲಿ, ನಿಜವಾದ ದುಡ್ಡು ಮುಂದಿದ್ದಾಗ, ಗುಲಾಮನನ್ನು ಹಿಡಿದು ಎಲ್ಲ ಹಾಕಿದವರು ಇದ್ದಾರೆಯೇ?

– 2003, ಲಾಸ್ ವೇಗಸ್, ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ. 839 ಜನ ಕೂತ ಆಟ ಇಬ್ಬರಿಗೆ ಇಳಿದಿತ್ತು. ಒಬ್ಬ ಸ್ಯಾಮ್ ಫರಾ, ಲೆಬನಾನ್‌ನಲ್ಲಿ ಹುಟ್ಟಿದ ನುರಿತ ವೃತ್ತಿ ಆಟಗಾರ. ಇನ್ನೊಬ್ಬ ಟೆನೆಸಿಯ ಲೆಕ್ಕಪತ್ರದವ, ಕ್ರಿಸ್ ಮನಿಮೇಕರ್. ಅದೇ ಅವನ ನಿಜವಾದ ಹೆಸರು. ಮನಿಮೇಕರ್ ಕೈಯಲ್ಲಿ ಸ್ಪೇಡ್ ರಾಜ ಮತ್ತು ಒಂದು 7. ಫರಾ ಕೈಯಲ್ಲಿ ರಾಣಿ, 9. ನೆಲದ ಮೇಲೆ 9, 2, 6, ಆಮೇಲೆ 8. ಅದರಲ್ಲಿ 9, 6, 8 ಮೂರೂ ಸ್ಪೇಡ್. ಇನ್ನೊಂದು ಸ್ಪೇಡ್ ಬಿದ್ದರೆ ಮನಿಮೇಕರ್‌ಗೆ ಫ್ಲಶ್, 5 ಅಥವಾ 10 ಬಿದ್ದರೆ ಸ್ಟ್ರೇಟ್. ಬಿದ್ದದ್ದು ಬೇರೆ ಬಣ್ಣದ 3.

– ಎರಡೂ ತಪ್ಪಿತು.

– ಎರಡೂ ತಪ್ಪಿತು, ಒಂದು ಜೋಡಿಯೂ ಇಲ್ಲ. ಫರಾ ಚೆಕ್ ಅಂದ. ಈಗ ಮನಿಮೇಕರ್‌ನ ಜಾಗದಲ್ಲಿ ಕೂತು ನೋಡು. ಚೆಕ್ ಮಾಡಿ ತಿರುಗಿಸಿದರೆ ಆ ರಾಜ ಹೆಚ್ಚುಕಡಿಮೆ ಯಾವುದನ್ನೂ ಗೆಲ್ಲುವುದಿಲ್ಲ. ಅದು ಕೂನ್‌ನ ಗುಲಾಮ. ಆದರೆ ಸ್ಪೇಡ್ ರಾಜ ತನ್ನ ಕೈಯಲ್ಲೇ ಇರುವುದರಿಂದ ಎದುರಿನವನ ಹತ್ತಿರ ಫ್ಲಶ್ ಇರುವ ಬಗೆಗಳು ಕಡಿಮೆ. ಅವನು ಇದ್ದದ್ದೆಲ್ಲ ಹಾಕಿ ಆಲ್-ಇನ್ ಅಂದ. ಫರಾ ಬಹಳ ಹೊತ್ತು ಕೂತ. 9ರ ಜೋಡಿ, ನೆಲದ ಮೇಲಿನ ಎಲ್ಲಕ್ಕಿಂತ ದೊಡ್ಡ ಜೋಡಿ. ಆದರೂ ಫ್ಲಶ್, ಸ್ಟ್ರೇಟ್, ಎರಡು ಜೋಡಿ ಎಲ್ಲಕ್ಕೂ ಸೋಲುವ ಜೋಡಿ. ಅವನ ಕೈಯಲ್ಲಿದ್ದದ್ದು ಕೂನ್‌ನ ರಾಣಿ. ಎಸೆದ. ಆ ರಾತ್ರಿ 25 ಲಕ್ಷ ಡಾಲರ್ ಮನಿಮೇಕರ್‌ಗೆ ಹೋಯಿತು.

– ಫರಾ ಎಸೆದದ್ದು ತಪ್ಪೇ?

– ಎಲೆ ತಿರುಗಿದ ಮೇಲೆ ಎಲ್ಲರೂ ತಪ್ಪು ಅಂದರು. ನಾನು ಅನ್ನುವುದಿಲ್ಲ. ರಾಣಿ ಹಿಡಿದವನಿಗೆ ಕೂನ್‌ನ ಆಟದಲ್ಲಿ 3ಕ್ಕೆ 1 ಸಲ ಕಾಲ್, 2 ಸಲ ಎಸೆತ. ಒಂದೇ ಒಂದು ಸಲವನ್ನು ಮುಂದಿಟ್ಟುಕೊಂಡು ಅವನು ಆ 1ರಲ್ಲಿದ್ದನೋ 2ರಲ್ಲಿದ್ದನೋ ಎಂದು ಯಾರು ಹೇಳಬಲ್ಲರು? ಆ ಮನುಷ್ಯನ ಮುಖ ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

– ಇಷ್ಟು ಹೊತ್ತೂ ನೀವು ಕೊನೆಯ ಸರದಿಯವರ ಮಾತೇ ಆಡಿದಿರಿ. ಮೊದಲ ಸರದಿ ನನ್ನದಾದರೆ?

– ಅಲ್ಲಿ ಚೆಕ್ ಎಂದರೆ ಮುಗಿಯಿತು ಎಂದಲ್ಲ, ಮಾತನ್ನು ಎದುರಿನವರಿಗೆ ಕೊಟ್ಟಂತೆ. ಅದೇ ಕ್ಯಾಸಿನೊ, ಅದೇ ಪಂದ್ಯ, 1988. ಹಿಂದಿನ ವರ್ಷ ಗೆದ್ದಿದ್ದ ಜಾನಿ ಚಾನ್ ಒಂದು ಕಡೆ, ಎರಿಕ್ ಸೈಡಲ್ ಇನ್ನೊಂದು ಕಡೆ. ಮೊದಲ ಮೂರು ಎಲೆಗೇ ಚಾನ್‌ಗೆ ಸ್ಟ್ರೇಟ್ ಕೂಡಿತು. ಗುಲಾಮ-9 ಕೈಯಲ್ಲಿ, ರಾಣಿ, 10, 8 ನೆಲದಲ್ಲಿ. ನಾಲ್ಕನೆಯದು 2, ಅಲ್ಲಿ ಇಬ್ಬರೂ ಚೆಕ್. ಐದನೆಯದು 6. ಆ ನೆಲಕ್ಕೆ ಅವನ ಕೈಗಿಂತ ದೊಡ್ಡ ಕೈ ಇಲ್ಲವೇ ಇಲ್ಲ. ಚಾನ್ ಮತ್ತೆ ಚೆಕ್ ಅಂದ. ರಾಣಿಯ ಜೋಡಿ ಹಿಡಿದಿದ್ದ ಸೈಡಲ್ ಇದ್ದದ್ದೆಲ್ಲವನ್ನೂ ನಡುವೆ ತಳ್ಳಿದ.

– ಚಾನ್ ಕಾಲ್.

– ಅಲ್ಲಿಗೆ ಪಂದ್ಯ ಮುಗಿಯಿತು. 1998ರ 'ರೌಂಡರ್ಸ್' ಚಿತ್ರದಲ್ಲಿ ಆ ದೃಶ್ಯವನ್ನೇ ಹಾಕಿದ್ದಾರೆ. ಅಂದಿನಿಂದ ಎಷ್ಟು ಜನ ಚಾನ್‌ನಂತೆ ಚೆಕ್ ಮಾಡಲು ಹೋಗಿ ಕಳೆದುಕೊಂಡಿದ್ದಾರೋ!

– ಕಳೆದುಕೊಂಡರೇ? ದೊಡ್ಡ ಕೈ ಹಿಡಿದು ಚೆಕ್ ಮಾಡುವುದು ಬಲೆ ಹಾಸಿದಂತೆ ಅಲ್ಲವೇ?

– ಹಕ್ಕಿ ಕೂತರೆ ಬಲೆ. ನಿನ್ನ ಬೆಟ್ಟಿಗೆ ಎದುರಿನವರು ಎಷ್ಟು ಸಲ ಕಾಲ್ ಮಾಡುತ್ತಾರೆ, ನೀನು ಚೆಕ್ ಮಾಡಿದರೆ ಅವರೇ ಎಷ್ಟು ಸಲ ಬೆಟ್ ಹಾಕುತ್ತಾರೆ, ಈ ಎರಡನ್ನು ತೂಗಬೇಕು. 30 ಹಾಕಿದರೆ 10ಕ್ಕೆ 5 ಸಲ ಕಾಲ್ ಮಾಡುವವರು, ಚೆಕ್ ಮಾಡಿದರೆ 10ಕ್ಕೆ 3 ಸಲ ಮಾತ್ರ ತಾವಾಗಿ 30 ಹಾಕುತ್ತಾರೆ ಅನ್ನು. ಬೆಟ್‌ನಿಂದ 150, ಚೆಕ್‌ನಿಂದ 90. ಮನೆಯ ಮೇಜುಗಳಲ್ಲಿ ಕೂರುವವರು ಹೆಚ್ಚಾಗಿ ಹೀಗೆಯೇ. ತಾವಾಗಿ ಬೆಟ್ ಹಾಕಲು ಧೈರ್ಯ ಸಾಲದು, ಎದುರಿನ ಎಲೆ ನೋಡದೆ ಬಿಡಲು ಮನಸ್ಸು ಬಾರದು. ಅಂಥವರ ಮುಂದೆ ದೊಡ್ಡ ಕೈಯನ್ನು ಚೆಕ್ ಮಾಡುವುದು ತುಂಬಿದ ತಟ್ಟೆ ಬಿಟ್ಟು ಏಳುವುದು. ಸೈಡಲ್ ಅಂಥವನಲ್ಲ, ಅವನು ಬೆಟ್ ಹಾಕಬಲ್ಲವನು ಎಂದು ಚಾನ್ ಅಷ್ಟು ಹೊತ್ತಿಗೆ ಅಳೆದಿದ್ದ ಎಂದು ನನ್ನ ಊಹೆ.

– ಮೊದಲ ಸರದಿಯಲ್ಲೂ ಆ ಅರ್ಧದ ಲೆಕ್ಕವೇ ನಡೆಯುತ್ತದೆಯೇ?

– ಇಲ್ಲ. ಅಲ್ಲಿ ಅರ್ಧಕ್ಕಿಂತ ಕಡಿಮೆ ಇದ್ದರೂ ಬೆಟ್ ಸರಿಯಾಗುವ ಸಂದರ್ಭ ಇದೆ. ಡೇವಿಡ್ ಸ್ಕ್ಲಾನ್ಸ್ಕಿ 'ದಿ ಥಿಯರಿ ಆಫ್ ಪೋಕರ್' ಪುಸ್ತಕದಲ್ಲಿ ಕೊನೆಯ ಸುತ್ತಿನಲ್ಲಿ ಇಬ್ಬರೇ ಉಳಿದಾಗಿನ ಆಟಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾನೆ. ನನಗೆ ಅದು ತಲೆಗೆ ಇಳಿಯಲು ಒಂದು ಮಳೆಗಾಲ ಹಿಡಿಯಿತು. ಎದುರಿನವರು ಹೀಗಿದ್ದಾರೆ ಅನ್ನು: ನೀನು ಚೆಕ್ ಮಾಡಿದರೆ ದೊಡ್ಡ ಕೈಗಳಲ್ಲಿ ಬೆಟ್ ಹಾಕುತ್ತಾರೆ, ಚಿಕ್ಕ ಕೈಗಳಲ್ಲಿ ತಾವೂ ಚೆಕ್ ಮಾಡುತ್ತಾರೆ. ನೀನು ಬೆಟ್ ಹಾಕಿದರೆ ಎರಡರಲ್ಲೂ ಕಾಲ್ ಮಾಡುತ್ತಾರೆ. ಅವರು ಬೆಟ್ ಹಾಕಿದರೆ ನೀನು ಹೇಗೂ ಕಾಲ್ ಮಾಡುವವನೇ. ಈಗ ಹೇಳು.

– ದೊಡ್ಡ ಕೈಗೆ ನಾನು ಹೇಗಿದ್ದರೂ 30 ಕೊಡುತ್ತೇನೆ. ನಾನು ಹಾಕಿದರೂ ಹೋಗುತ್ತದೆ, ಅವರು ಹಾಕಿದರೂ ಹೋಗುತ್ತದೆ. ಚಿಕ್ಕ ಕೈಯಿಂದ 30 ಬರಬೇಕಾದರೆ ನಾನೇ ಹಾಕಬೇಕು. ಹಾಗಾದರೆ 10ಕ್ಕೆ 4 ಸಲ ಮಾತ್ರ ಮುಂದಿದ್ದರೂ ಹಾಕುವುದೇ ವಾಸಿ.

– ವಾಸಿ. ಇನ್ನು ತಿರುಗಿಸಿ ನೋಡು. ಅವರ ಕೈಯಲ್ಲಿ ಕೂಡದೆ ಉಳಿದ ಫ್ಲಶ್‌ಗಳೇ ತುಂಬಿವೆ. ನೀನು ಹಾಕಿದರೆ ಎಸೆಯುತ್ತಾರೆ. ನೀನು ಸುಮ್ಮನಾದರೆ ಧೈರ್ಯ ಬಂದು ಬ್ಲಫ್ ಹಾಕುತ್ತಾರೆ. ಅಲ್ಲಿ ಚೆಕ್ ಮಾಡಿ ಕಾಲ್ ಮಾಡಬೇಕು. ಕೈ ಅದೇ, ನೆಲ ಅದೇ, ಎದುರು ಕೂತವರು ಬದಲಾದರೆ ಉತ್ತರ ಬದಲಾಗುತ್ತದೆ.

– ಒಂದು ಕೇಳಲೇ? ಈ ಎಡಗಡೆಯ ಸಾಲು ಬರೆಯುವುದನ್ನು ಯಾವಾಗ ಶುರುಮಾಡಿದಿರಿ?

– ತಡವಾಗಿ. ಹತ್ತು ವರ್ಷ ನಾನು ಬಲಗಡೆ ಮಾತ್ರ ಬರೆದೆ. ಬ್ಲಫ್ ಹಾಕಿ ಸಿಕ್ಕಿಬಿದ್ದ ಬೆಟ್‌ಗಳು, ದೊಡ್ಡ ಕೈಗೆ ಕಾಲ್ ಮಾಡಿ ಕಳೆದ ಬೀಜಗಳು, ಒಂದೂ ಬಿಡದೆ ಬರೆದಿದ್ದೇನೆ. ಅವು ನೋಯಿಸಿದವು, ಅದಕ್ಕೇ ನೆನಪಿದ್ದವು. ಚೆಕ್ ಮಾಡಿ ಗೆದ್ದ ಪಾಟ್ ಯಾವತ್ತೂ ನೋಯಿಸಲಿಲ್ಲ. ಎಲೆ ತಿರುಗುತ್ತದೆ, ಗೆದ್ದಿರುತ್ತೀಯ, ಬೀಜ ಬಾಚಿಕೊಳ್ಳುತ್ತೀಯ. ನಿನ್ನ ಮುಖದಲ್ಲಿ ಈಗಷ್ಟೇ ಇತ್ತಲ್ಲ ಆ ಸಮಾಧಾನ, ಅದೇ ನನ್ನ ಮುಖದಲ್ಲೂ ಇದ್ದಿರಬೇಕು. ಒಂದು ದಿನ ಎದುರು ಕೂತವರು ಎಲೆ ಕೂಡಿಸುತ್ತ, ಹಾಕಿದ್ದರೆ ಕೊಡುತ್ತಿದ್ದೆ ಅಂದರು. ಅಂದು ರಾತ್ರಿ ಹಳೆಯ ಪುಟಗಳನ್ನು ತೆಗೆದು ಕೂತೆ. ಗೆದ್ದದ್ದು ಅಂತ ಬರೆದ ಎಷ್ಟು ಕಡೆ ನಾನು ಕೇಳದೇ ಬಿಟ್ಟಿದ್ದೇನೆ ಎಂದು ಎಣಿಸಲು ಹೋದೆ. ಎಣಿಸಲಾಗಲಿಲ್ಲ, ಎಲೆಗಳನ್ನು ಬರೆದಿಟ್ಟಿರಲಿಲ್ಲ.

– ಅದಕ್ಕೆ ಈಗ ಎಲೆಗಳನ್ನೂ ಬರೆಯುತ್ತೀರಿ.

– ಎಲೆ, ಪಾಟ್, ಯಾರು ಮೊದಲು, ಯಾರು ಕೊನೆ. ಇನ್ನೊಂದಾಟ ಆಡೋಣವೇ? ಹೊತ್ತಿದೆ.

– ಹಂಚಿ.

– ...ನಾಲ್ಕನೆಯದು 3. ಐದನೆಯದು ರಾಜ. ನೆಲದ ಮೇಲೆ ರಾಜ, 9, 6, 3, ಮತ್ತೆ ರಾಜ. ಪಾಟ್ 40. ಮೊದಲ ಮಾತು ನನ್ನದು. ಚೆಕ್.

– ಸ್ವಲ್ಪ ತಾಳಿ.

– ಆಗಲಿ, ಅವಸರವಿಲ್ಲ.

– 20.

– ಅರ್ಧ ಪಾಟ್. 60ಕ್ಕೆ 20 ಕೊಡಬೇಕು, 4ಕ್ಕೆ 1 ಸಲ ಗೆದ್ದರೆ ಸಾಕು. ನಿನ್ನ ಹತ್ತಿರ ರಾಜ ಇದ್ದಿದ್ದರೆ ಮೂರು ಎಲೆ ಬಿದ್ದಾಗಲೇ ಏರಿಸುತ್ತಿದ್ದೆ. ಏರಿಸಲಿಲ್ಲ, ಬರೀ ಕಾಲ್ ಮಾಡಿದೆ. 7-8 ಹಿಡಿದು ಸ್ಟ್ರೇಟ್‌ಗೆ ಕಾದು ತಪ್ಪಿದ್ದರೂ ಹೀಗೇ ಆಡುತ್ತಿದ್ದೆ. ಆದರೆ ಒಂದು ಗಂಟೆಯಿಂದ ನನ್ನ ಮಾತು ಕೇಳಿಸಿಕೊಂಡ ಮೇಲೆ ರಾಜ ಇದ್ದೂ ಸುಮ್ಮನೆ ಕಾಲ್ ಮಾಡಿರಬಹುದು.

– ನಾನು ಏನೂ ಹೇಳುವುದಿಲ್ಲ.

– ಹೇಳಬೇಡ, ಕಣ್ಣೂ ಎತ್ತಬೇಡ... 9ರ ಜೋಡಿ ಇದೆ ನನ್ನ ಹತ್ತಿರ. ತಗೋ, ಎಸೆದೆ.

– ನನ್ನದನ್ನು ತೋರಿಸಲೇ?

– ಬೇಡ. ಮುಚ್ಚಿದ ಹಾಗೇ ಕಟ್ಟಿಗೆ ಸೇರಿಸು.

– ಎಡಗಡೆ ಏನು ಬರೆಯುತ್ತೀರಿ ಹಾಗಾದರೆ?

– ಪ್ರಶ್ನೆ ಚಿಹ್ನೆ ಹಾಕಿದ್ದೇನೆ, ಈ ಪುಟದಲ್ಲಿ ಇದು ಏಳನೆಯದು. ಕಲಸು, ಈಗ ಹಂಚುವ ಸರದಿ ನಿನ್ನದು.